ಮಂಡ್ಯದಲ್ಲಿ ಡಾರ್ಕ್ ಎನರ್ಜಿ: ಜಗಳಕ್ಕೆ ಒಬ್ಬರು ಬೇಕು

ಥಿಯರಿ ಮಾಡುವವರು ಒಬ್ಬರೇ ಮೂಲೆಯಲ್ಲಿ ಕೂತು ಕೆಲಸ ಮಾಡುತ್ತಾರೆ ಅಂತ ಒಂದು ನಂಬಿಕೆ ಇದೆ. ಐನ್‌ಸ್ಟೈನ್ ಫೋಟೋಗಳ ಪ್ರಭಾವ ಇರಬೇಕು. ಒಬ್ಬ ಮನುಷ್ಯ, ಒಂದು ಬೋರ್ಡು, ಕೆದರಿದ ಕೂದಲು. ನನ್ನ ವಿದ್ಯಾರ್ಥಿಗಳೂ ಹಾಗೇ ಅಂದುಕೊಂಡಿದ್ದಾರೆ. "ಮೇಡಂ, ಇದಕ್ಕೆ ಲ್ಯಾಬೂ ಬೇಡ, ದುಡ್ಡೂ ಬೇಡ. ಪೆನ್ನು ಪೇಪರ್ ಇದ್ರೆ ಸಾಕು ಅಲ್ವಾ?" ಅಂತ ಕೇಳುತ್ತಾರೆ. ಪೆನ್ನು ಪೇಪರ್ ಮಂಡ್ಯದಲ್ಲಿ ಧಾರಾಳವಾಗಿ ಸಿಗುತ್ತದೆ. ನಾವು ಬರೆದದ್ದನ್ನು ಕೊನೆತನಕ ಓದಿ "ನಾನು ಒಪ್ಪಲ್ಲ" ಅನ್ನುವ ಮನುಷ್ಯ ಸಿಗುವುದೇ ಕಷ್ಟ.

ನಾನು ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಬೆಳಿಗ್ಗೆ ಸೋಡಿಯಂ ದೀಪ ಹಚ್ಚಿ ನ್ಯೂಟನ್ ರಿಂಗ್ಸ್ ತೋರಿಸುವುದು, ಮಧ್ಯಾಹ್ನ ಇಂಟರ್ನಲ್ಸ್ ಪೇಪರ್ ತಿದ್ದುವುದು. ರಾತ್ರಿ ಊಟ ಆದ ಮೇಲೆ ಡಾರ್ಕ್ ಎನರ್ಜಿ, ಅಂದರೆ ವಿಶ್ವ ಹಿಗ್ಗುವುದನ್ನು ಇನ್ನಷ್ಟು ಜೋರು ಮಾಡುತ್ತಿರುವ, ಏನೆಂದು ಇನ್ನೂ ಗೊತ್ತಿಲ್ಲದ ಶಕ್ತಿ. ನಮ್ಮದು ನಾಲ್ಕು ಜನರ ಗುಂಪು. ಪುಣೆಯಲ್ಲಿ ಒಬ್ಬರು ಹಿರಿಯರಿದ್ದಾರೆ, ಅವರು ನಮಗೆಲ್ಲ ಸರ್. ನನ್ನ ಜೊತೆ ಪಿಎಚ್‌ಡಿ ಮಾಡಿದ ಗೆಳತಿ ಈಗ ಜರ್ಮನಿಯಲ್ಲಿದ್ದಾಳೆ. ಮೈಸೂರಿನಲ್ಲಿ ಒಬ್ಬ ಹುಡುಗ ಪಿಎಚ್‌ಡಿ ಮಾಡುತ್ತಿದ್ದಾನೆ. ಉಳಿದವಳು ನಾನು.

ನಾಲ್ಕೂ ಜನ ಒಂದೇ ಮೇಜಿನ ಸುತ್ತ ಕೂರುವುದು ತೀರಾ ಅಪರೂಪ. ಕೂತರೆ ಅದು ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಐಯುಕಾದಲ್ಲಿ. 1988ರಲ್ಲಿ ಶುರುವಾದ ಈ ಸಂಸ್ಥೆಗೆ ಜಯಂತ್ ನಾರ್ಳೀಕರ್ ಮೊದಲ ನಿರ್ದೇಶಕರು. ಅದನ್ನು ಕಟ್ಟಿದ್ದೇ ನನ್ನಂಥ ವಿಶ್ವವಿದ್ಯಾಲಯ, ಕಾಲೇಜು ಮೇಷ್ಟ್ರುಗಳಿಗಾಗಿ. ಅಸೋಸಿಯೇಟ್ ಆದರೆ ರಜೆಯಲ್ಲಿ ಹೋಗಿ ಅಲ್ಲೇ ಉಳಿದುಕೊಂಡು ಕೆಲಸ ಮಾಡಬಹುದು, ಲೈಬ್ರರಿ ಬಳಸಬಹುದು. ಅಲ್ಲಿನ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ಪ್ರತಿಮೆಗಳಿವೆ. ಅವರೂ ನಾಲ್ಕು ಜನ. ಪಾಪ, ಒಬ್ಬರಿಗೊಬ್ಬರು ಮಾತಿಲ್ಲದೆ ನಿಂತಿದ್ದಾರೆ. ನಮ್ಮ ನಾಲ್ವರ ಗಲಾಟೆಗೆ ಮಾತ್ರ ಕ್ಯಾಂಟೀನಿನವರು ಲೈಟ್ ಆರಿಸುವ ತನಕ ಬಿಡುವಿಲ್ಲ.

ಮಿಕ್ಕಂತೆ ಎಲ್ಲ ಫೋನಿನಲ್ಲಿ, ವೀಡಿಯೊದಲ್ಲಿ. ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಹಾಗಾಗಿ ನಮ್ಮ ಮೀಟಿಂಗ್ ರಾತ್ರಿ ಎಂಟೂವರೆಗೆ. ಅದೇ ಹೊತ್ತಿಗೆ ಅಮ್ಮನ ಸೀರಿಯಲ್. ಗೆಳತಿ ಪರ್ಟರ್ಬೇಷನ್ (ಸಣ್ಣ ಏರುಪೇರು) ಬಗ್ಗೆ ಹೇಳುವಾಗ ಹಿಂದಿನಿಂದ ಅತ್ತೆ ಸೊಸೆಯ ಕೂಗಾಟ ಕೇಳಿಸುತ್ತಿರುತ್ತದೆ. ಸರ್‌ಗೆ ಈಗ ಆ ಪಾತ್ರಗಳೆಲ್ಲ ಪರಿಚಯ.

ಊರಿಗೆ ಹೋದಾಗ ದೊಡ್ಡಪ್ಪ ಕೇಳಿದ್ದರು. "ಅಲ್ಲ ಕಣವ್ವ, ಒಂದಿನಾನೂ ದುರ್ಬೀನ್ ಇಟ್ಕಂಡು ಆಕಾಸ ನೋಡಿದ್ದ ಕಾಣೆ. ಅದೆಂಗೆ ಲೆಕ್ಕ ಹಾಕ್ತೀಯೆ?"

"ನೋಡೋರು ಬೇರೆ ಅವ್ರೆ ದೊಡ್ಡಪ್ಪ. ಅಮೆರಿಕದ ಅರಿಜೋನಾದಲ್ಲಿ."

"ಅವ್ರು ನೋಡಿದ್ದು ಸರಿಯಾಗದೆ ಅಂತ ನಿಂಗೆಂಗೆ ಗೊತ್ತು?"

ಯಾವ ಸೆಮಿನಾರಿನಲ್ಲೂ ಇಷ್ಟು ನೇರವಾಗಿ ಯಾರೂ ನನ್ನನ್ನು ಕೇಳಿಲ್ಲ. ದೊಡ್ಡಪ್ಪ ಕೇಳಿದ್ದು ಡೆಸಿ ಬಗ್ಗೆ, ಅಂದರೆ ಗೆಲಾಕ್ಸಿಗಳ ನಕ್ಷೆ ಮಾಡಿ ಡಾರ್ಕ್ ಎನರ್ಜಿಯನ್ನು ಅಳೆಯುವ ಯೋಜನೆಯ ಬಗ್ಗೆ. ಕಿಟ್ ಪೀಕ್ ಬೆಟ್ಟದ ಮೇಲೆ 4 ಮೀಟರಿನ ಮೇಯಾಲ್ ಟೆಲಿಸ್ಕೋಪ್ ಇದೆ. ಅದರ ನೆತ್ತಿಯಲ್ಲಿ 5,000 ಫೈಬರ್‌ಗಳು. ಒಂದೊಂದನ್ನೂ ಒಂದು ಪುಟಾಣಿ ರೋಬಾಟ್ ತಿರುಗಿಸಿ ಒಂದೊಂದು ಗೆಲಾಕ್ಸಿಯ ಕಡೆ ಹಿಡಿಯುತ್ತದೆ. ಇದರ ಹಿಂದೆ 900ಕ್ಕೂ ಹೆಚ್ಚು ಸಂಶೋಧಕರಿದ್ದಾರೆ. ಮಾರ್ಚ್ 2025ರಲ್ಲಿ ಬಂದ ಫಲಿತಾಂಶದಲ್ಲಿ 1.4 ಕೋಟಿಗೂ ಹೆಚ್ಚು ಗೆಲಾಕ್ಸಿ ಮತ್ತು ಕ್ವೇಸಾರ್‌ಗಳ ಲೆಕ್ಕ ಇದೆ. ಅಷ್ಟು ಜನರೂ ತಮ್ಮನ್ನು ತಾವೇ ನಂಬುವುದಿಲ್ಲ. ವಿಶ್ಲೇಷಣೆ ನಡೆಯುವಾಗ ದತ್ತಾಂಶವನ್ನು ಬೇಕಂತಲೇ ಸ್ವಲ್ಪ ಕದಲಿಸಿ ಇಟ್ಟಿರುತ್ತಾರೆ. ನಿಜವಾದ ಉತ್ತರ ಕೆಲಸ ಮಾಡುವವರಿಗೇ ಕಾಣುವುದಿಲ್ಲ. ವಿಧಾನ ಎಲ್ಲ ಇತ್ಯರ್ಥ ಆದ ಮೇಲೆಯೇ ಪರದೆ ತೆಗೆಯುವುದು. ಮೊದಲೇ ಉತ್ತರ ಕಂಡರೆ, ಬೇಕಾದ ಕಡೆಗೆ ಕೈ ತಾನಾಗಿ ವಾಲುತ್ತದೆ ಅಲ್ವಾ?

ಗುರುತ್ವದ ಅಲೆಗಳನ್ನು ಹುಡುಕುವ ಲೈಗೋ ಯೋಜನೆಯವರು ಇದನ್ನೂ ಮೀರಿಸಿದ್ದರು. ಸೆಪ್ಟೆಂಬರ್ 2010ರಲ್ಲಿ ಅವರ ಡಿಟೆಕ್ಟರ್‌ಗಳಲ್ಲಿ ಗುರುತ್ವದ ಅಲೆಯ ಒಂದು ಚೆಂದದ ಸಿಗ್ನಲ್ ಕಾಣಿಸಿತು. ಜನ ತಿಂಗಳುಗಟ್ಟಲೆ ಅದರ ಮೇಲೆ ಕೂತರು. ಪೇಪರ್ ಕೂಡ ಬರೆದಿಟ್ಟರು. ಮಾರ್ಚ್ 2011ರಲ್ಲಿ ಲಕೋಟೆ ಒಡೆದು ನೋಡಿದರೆ, ಅದು ಅವರದೇ ಕೆಲವರು ಗುಟ್ಟಾಗಿ ತೂರಿಸಿದ ಸುಳ್ಳು ಸಿಗ್ನಲ್! ಎಚ್ಚರ ಇದ್ದಾರೋ ಇಲ್ಲವೋ ಅಂತ ನೋಡುವ ಪರೀಕ್ಷೆ. ನಿಜವಾದದ್ದು ಬಂದದ್ದು 2015ರ ಸೆಪ್ಟೆಂಬರ್ 14ಕ್ಕೆ. ದೊಡ್ಡಪ್ಪನಿಗೆ ಈ ಕಥೆ ಬಹಳ ಹಿಡಿಸಿತು. "ಅಂಗಾದ್ರೆ ಸರಿ ಬುಡು" ಅಂದರು.

ನಾಲ್ಕೇ ಜನ ಇರುವ ನಮಗೆ ಲಕೋಟೆ, ಸಮಿತಿ ಇವೆಲ್ಲ ಆಗದ ಮಾತು. ನಮ್ಮಲ್ಲಿರುವುದು ಒಂದೇ ನಿಯಮ. ಮುಖ್ಯವಾದ ಲೆಕ್ಕ ಯಾವುದೇ ಇರಲಿ, ಅದನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಬೇಕು. ಒಬ್ಬರ ಕೋಡ್ ಇನ್ನೊಬ್ಬರು ನೋಡಬಾರದು. ಮೂರನೆಯವರು ಎರಡನ್ನೂ ತಾಳೆ ನೋಡಬೇಕು. ಕಳೆದ ಸಲದ ಲೆಕ್ಕದಲ್ಲಿ ಇದೇ ನಿಯಮ ನಮ್ಮನ್ನು ಸಾಕಷ್ಟು ಸತಾಯಿಸಿತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಡಾರ್ಕ್ ಎನರ್ಜಿಯ ಒತ್ತಡವನ್ನು ಅದರ ಸಾಂದ್ರತೆಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಡಬ್ಲ್ಯೂ ಅನ್ನುತ್ತೇವೆ. ಡಾರ್ಕ್ ಎನರ್ಜಿ ಬರೀ ಕಾಸ್ಮಾಲಜಿಕಲ್ ಕಾನ್‌ಸ್ಟಂಟ್ (ಕಾಲದ ಜೊತೆ ಸಾಂದ್ರತೆ ಬದಲಾಗದ್ದು) ಆಗಿದ್ದರೆ ಡಬ್ಲ್ಯೂ ಯಾವತ್ತೂ ಮೈನಸ್ 1. ಡೆಸಿಯ ಅಳತೆಗೆ ಸಿಎಂಬಿಯನ್ನೂ (ವಿಶ್ವದ ಬಾಲ್ಯದಿಂದ ಉಳಿದುಬಂದ ಬೆಳಕು) ಸೂಪರ್‌ನೋವಾಗಳನ್ನೂ (ಸಿಡಿಯುವ ನಕ್ಷತ್ರಗಳು) ಸೇರಿಸಿ ನೋಡಿದರೆ, ಡಬ್ಲ್ಯೂ ಕಾಲದ ಜೊತೆ ಬದಲಾಗುತ್ತಿರಬಹುದು ಅನ್ನುವ ಸುಳಿವು ಸಿಗುತ್ತದೆ. ಯಾವ ಸೂಪರ್‌ನೋವಾ ಪಟ್ಟಿ ಸೇರಿಸುತ್ತೀರಿ ಅನ್ನುವುದರ ಮೇಲೆ ಆ ಸುಳಿವು 2.8 ಸಿಗ್ಮಾದಿಂದ 4.2 ಸಿಗ್ಮಾ ತನಕ ಓಡಾಡುತ್ತದೆ. ಸಿಗ್ಮಾ ಜಾಸ್ತಿ ಆದಷ್ಟೂ ಅದು ಬರೀ ಆಕಸ್ಮಿಕ ಆಗಿರುವ ಸಾಧ್ಯತೆ ಕಡಿಮೆ. ಕಂಡುಹಿಡಿದೆವು ಅನ್ನಲು 5 ಸಿಗ್ಮಾ ಬೇಕು ಅನ್ನುವುದು ವಾಡಿಕೆ. ಆದರೆ ಥಿಯರಿ ಜನಕ್ಕೆ 2.8 ಸಿಕ್ಕರೂ ಸಾಕು, ರಾತ್ರಿ ನಿದ್ದೆ ಇರುವುದಿಲ್ಲ.

ಇನ್ನೊಂದು ತೊಡಕು. ಡೆಸಿಯ ಲೆಕ್ಕದಲ್ಲಿ ಡಬ್ಲ್ಯೂ ಈಗ ಮೈನಸ್ 1ಕ್ಕಿಂತ ಮೇಲಿದೆ, ಹಿಂದೊಮ್ಮೆ ಅದಕ್ಕಿಂತ ಕೆಳಗಿತ್ತು. ಅಂದರೆ ಗೆರೆ ದಾಟಿ ಬಂದಿದೆ. ಸಾದಾ ಒಂದೇ ಸ್ಕೇಲಾರ್ ಫೀಲ್ಡ್‌ನಿಂದ (ಪ್ರತಿ ಜಾಗದಲ್ಲೂ ಬರೀ ಒಂದು ಸಂಖ್ಯೆ ಇರುವ ಕ್ಷೇತ್ರ) ಆ ಗೆರೆ ದಾಟಲು ಸಾಧ್ಯವಿಲ್ಲ. ಈ ದಾಟುವಿಕೆ ನಿಜವೋ, ಅಥವಾ ಡಬ್ಲ್ಯೂ ಬದಲಾಗುವುದನ್ನು ಒಂದು ನೇರ ಗೆರೆಯಲ್ಲಿ ಹಿಡಿಯಲು ಹೊರಟಿದ್ದಕ್ಕೆ ಹಾಗೆ ಕಾಣುತ್ತಿದೆಯೋ ಅನ್ನುವುದು ಸರ್ ಅವರ ಅನುಮಾನ. ಹಾಗಾಗಿ ಸಾದಾ ಫೀಲ್ಡನ್ನೇ ತೆಗೆದುಕೊಂಡು ಎಷ್ಟು ದೂರ ಹೋಗುತ್ತದೆ ನೋಡೋಣ ಅಂತ ಹೊರಟೆವು. ವಿಶ್ವ ಜೋರಾಗಿ ಹಿಗ್ಗುತ್ತಿದ್ದ ಕಾಲದಲ್ಲಿ ಈ ಫೀಲ್ಡ್ ಅಲ್ಲಾಡದೆ ನಿಂತಿರುತ್ತದೆ. ಹಿಗ್ಗುವ ದರ ಇಳಿದ ಮೇಲೆ ನಿಧಾನವಾಗಿ ಉರುಳಲು ಶುರು ಮಾಡುತ್ತದೆ. ಅದಕ್ಕೆ ಬೇಕಾದ ಮಾಸ್ 10ರ ಘಾತ ಮೈನಸ್ 33 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. ಇಷ್ಟು ಹಗುರದ್ದು ಲ್ಯಾಬಿನಲ್ಲಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ.

ಈ ಫೀಲ್ಡ್ ಇದ್ದರೆ ಗೆಲಾಕ್ಸಿಗಳು ಗುಂಪುಗೂಡುವುದು ಎಷ್ಟು ನಿಧಾನ ಆಗುತ್ತದೆ? ಇದೇ ಪ್ರಶ್ನೆ. ನಾನು ಕ್ಲಾಸ್ ಅನ್ನುವ ಕೋಡ್ ತಿದ್ದಿ ಉತ್ತರ ತೆಗೆದೆ. ಅದು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಕೋಡ್, 2011ರಿಂದ ಇದೆ. ಗೆಳತಿ ಅದನ್ನು ಮುಟ್ಟದೆ ಪೈಥಾನಿನಲ್ಲಿ ಮೊದಲಿನಿಂದ ತಾನೇ ಬರೆದಳು. ಮೈಸೂರಿನ ಹುಡುಗ ಎರಡೂ ಫೈಲ್ ತೆಗೆದುಕೊಂಡು ಒಂದರ ಮೇಲೊಂದು ಗ್ರಾಫ್ ಹಾಕಿದ.

ಫೀಲ್ಡ್ ಇಲ್ಲದಾಗ, ಅಂದರೆ ಡಬ್ಲ್ಯೂ ಮೈನಸ್ 1 ಇದ್ದಾಗ, ಎರಡೂ ಗೆರೆ ಒಂದರೊಳಗೊಂದು ಸೇರಿಹೋದವು. ನೋಡಿ ಖುಷಿ ಆಯಿತು. ಫೀಲ್ಡ್ ಸ್ವಲ್ಪ ಜೋರು ಮಾಡಿದ. ಗೆರೆಗಳು ಬೇರೆ ಆದವು. ಇನ್ನೂ ಜೋರು ಮಾಡಿದಷ್ಟೂ ಅಂತರ ಜಾಸ್ತಿ. ದೊಡ್ಡದೇನಲ್ಲ, ಪರ್ಸೆಂಟಿನ ಲೆಕ್ಕದ್ದು. ಆದರೆ ನಾವು ಹುಡುಕುತ್ತಿದ್ದ ಪರಿಣಾಮವೂ ಅಷ್ಟೇ ಇತ್ತು.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ನೋಡುವುದು ಎಚ್ ಅನ್ನು. ಹಬಲ್ ಕಾನ್‌ಸ್ಟಂಟನ್ನು, ಅಂದರೆ ವಿಶ್ವ ಇವತ್ತು ಹಿಗ್ಗುತ್ತಿರುವ ದರವನ್ನು, 100ರಿಂದ ಭಾಗಿಸಿದರೆ ಬರುವ ಸಣ್ಣ ಎಚ್. ಹಬಲ್ ಕಾನ್‌ಸ್ಟಂಟ್ 50ಓ 100ಓ ಅಂತ ಜಗಳ ಇದ್ದ ಕಾಲದಲ್ಲಿ, ದೂರಗಳನ್ನು ಎಚ್ ಹಚ್ಚಿಯೇ ಬರೆಯುವ ರೂಢಿ ಬಂತು. ಈಗಲೂ ಬಿಟ್ಟಿಲ್ಲ. ಮೈಸೂರು ಮಾರ್ಕೆಟ್ಟಿನಲ್ಲಿ ಮಲ್ಲಿಗೆಯನ್ನು ಮೊಳದಲ್ಲಿ ಅಳೆದು ಕೊಡುತ್ತಾರಲ್ಲ, ಹಾಗೆ. ಅಳೆಯುವವರ ಕೈ ಉದ್ದ ಇದ್ದರೆ ನಿಮಗೆ ಲಾಭ. ಕ್ಲಾಸ್‌ನಲ್ಲಂತೂ ಒಂದೇ ಉತ್ತರವನ್ನು ಔಟ್‌ಪುಟ್ ಫೈಲಿನಿಂದ ತೆಗೆದರೆ ಎಚ್ ಹಚ್ಚಿದ ಅಳತೆ, ಪೈಥಾನ್ ಮೂಲಕ ಕೇಳಿದರೆ ಬರೀ ಮೆಗಾಪಾರ್ಸೆಕ್ (ಗೆಲಾಕ್ಸಿಗಳ ನಡುವಿನ ದೂರ ಅಳೆಯುವ ಮಾನ). ಪವರ್ ಸ್ಪೆಕ್ಟ್ರಮ್‌ಗೆ (ಯಾವ ಅಳತೆಯಲ್ಲಿ ಎಷ್ಟು ಗುಂಪುಗೂಡಿದೆ ಅನ್ನುವ ಲೆಕ್ಕ) ಇದು ಎಚ್ ಕ್ಯೂಬ್, ಸುಮಾರು ಮೂರು ಪಟ್ಟು ವ್ಯತ್ಯಾಸ. ಎಷ್ಟು ಜನರ ರಾತ್ರಿಗಳು ಇದರಲ್ಲಿ ಹೋಗಿವೆಯೋ. ಆದರೆ ನಮ್ಮದು ಅದಲ್ಲ. ಅದಾಗಿದ್ದರೆ ಫೀಲ್ಡ್ ಇಲ್ಲದಾಗಲೂ ಗೆರೆಗಳು ಬೇರೆ ಆಗಬೇಕಿತ್ತು.

ಆಮೇಲೆ ಶುರುವಾಯಿತು ನೋಡಿ. ನಾನು ಅವಳ ಸ್ಟೆಪ್ ಸೈಜ್ ಬಗ್ಗೆ ಕೇಳಿದೆ. ಅವಳು ನನ್ನ ಇನಿಷಿಯಲ್ ಕಂಡಿಷನ್ ಬಗ್ಗೆ ಕೇಳಿದಳು. ಒಟ್ಟಿಗೆ ಪೇಪರ್ ಬರೆಯುವ ಆನ್‌ಲೈನ್ ತಾಣ ಓವರ್‌ಲೀಫಿನಲ್ಲಿ ನಮ್ಮ ಪೇಪರಿನ ಮಾರ್ಜಿನ್ ಪೂರ್ತಿ ಬಣ್ಣಬಣ್ಣದ ಟಿಪ್ಪಣಿ. ನನ್ನದು ನೀಲಿ, ಅವಳದು ಕೆಂಪು. "ನೀನು ಪರ್ಟರ್ಬೇಷನ್ ಬಿಟ್ಟಿದ್ದೀಯ" ಅಂತ ಒಂದು ಕೆಂಪು. "ಇಲ್ಲಮ್ಮ, ಸರಿಯಾಗಿ ನೋಡು" ಅಂತ ಒಂದು ನೀಲಿ. ಹಳೇ ಗೆಳತಿ ಆದ್ದರಿಂದ ಇದು ನಡೆಯುತ್ತದೆ. ಹೊಸಬರ ಜೊತೆ ಆಗಿದ್ದರೆ ಮರ್ಯಾದೆಗೆ ಇಬ್ಬರೂ ಸುಮ್ಮನಾಗಿ, ಸರಾಸರಿ ತೆಗೆದು, ಮುಂದೆ ಹೋಗಿಬಿಡುತ್ತಿದ್ದೆವೇನೋ.

ಹುಡುಗ ಶನಿವಾರ ಮಧ್ಯಾಹ್ನ ಮೈಸೂರಿನಿಂದ ರೈಲಿನಲ್ಲಿ ಮಂಡ್ಯಕ್ಕೆ ಬರುತ್ತಾನೆ. ಕಾಲೇಜಿನಲ್ಲಿ ಆ ಹೊತ್ತಿಗೆ ಕ್ಲಾಸ್‌ರೂಮುಗಳು ಖಾಲಿ. ಕಾವೇರಿ ಗಲಾಟೆ ಇದ್ದು ರಸ್ತೆ, ರೈಲು ತಡೆ ಆದರೆ ಮಾತ್ರ ನಮ್ಮ ಕಾಸ್ಮಾಲಜಿಗೂ ರಜೆ. ಅವತ್ತು ಬಂದವನು ಬೋರ್ಡಿನ ಮೇಲೆ ಎರಡು ಕಾಲಂ ಬರೆದ. ನಮ್ಮಿಬ್ಬರ ಫೈಲಿನಲ್ಲಿದ್ದ ಸಂಖ್ಯೆಗಳನ್ನು ಒಂದೊಂದಾಗಿ ಪಕ್ಕಪಕ್ಕ ಇಟ್ಟ. ಬೇರಿಯಾನ್ (ಮಾಮೂಲಿ ದ್ರವ್ಯ) ಸಾಂದ್ರತೆ ಒಂದೇ. ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ ದ್ರವ್ಯ) ಒಂದೇ. ಆಮೇಲೆ ಕೇಳಿದ. "ಮೇಡಂ, ನಿಮ್ಮ ಎಚ್ ನಾಟ್ ಪ್ರತಿ ಸಾಲಿನಲ್ಲೂ ಬದಲಾಗ್ತಿದೆ. ಅಕ್ಕನದು ಎಲ್ಲ ಕಡೆ 67.4 ಇದೆ. ಅದು ಹಾಗೇ ಇರಬೇಕಾ?"

ಅಷ್ಟೇ. ಗಂಟು ಬಿಚ್ಚಿತು. ಎಚ್ ನಾಟ್ ಅಂದರೆ ಹಬಲ್ ಕಾನ್‌ಸ್ಟಂಟೇ, ಇವತ್ತಿನ ಹಬಲ್ ದರ. ಗೆಳತಿ ಇವತ್ತಿನ ಹಬಲ್ ದರವನ್ನು ಸಿಎಂಬಿ ಅಳೆದ ಪ್ಲಾಂಕ್ ಉಪಗ್ರಹದ 2018ರ ಫಲಿತಾಂಶ 67.4ಕ್ಕೆ ಕಟ್ಟಿಹಾಕಿ ಲೆಕ್ಕ ಮಾಡಿದ್ದಳು. ನಾನು ಸಿಎಂಬಿಯಲ್ಲಿ ಕಾಣುವ ಕೋನವನ್ನು ಕಟ್ಟಿಹಾಕಿದ್ದೆ. ವಿಶ್ವಕ್ಕೆ ಸುಮಾರು 3,80,000 ವರ್ಷ ಆಗಿದ್ದಾಗ ಶಬ್ದದ ಅಲೆಗಳು ಎಷ್ಟು ದೂರ ಹೋಗಿದ್ದವೋ, ಆ ದೂರ ಇವತ್ತು ಆಕಾಶದಲ್ಲಿ ಸುಮಾರು 0.6 ಡಿಗ್ರಿಯಾಗಿ ಕಾಣುತ್ತದೆ. ಹುಣ್ಣಿಮೆ ಚಂದ್ರನಿಗಿಂತ ಸ್ವಲ್ಪ ಜಾಸ್ತಿ. ಕಾಸ್ಮಾಲಜಿಯಲ್ಲಿ ಇಷ್ಟು ಕರಾರುವಾಕ್ಕಾಗಿ ಅಳೆದ ಸಂಖ್ಯೆ ಇನ್ನೊಂದಿಲ್ಲ ಅಂತಲೇ ಹೇಳಬಹುದು. ಅನಿಶ್ಚಿತತೆ 0.03 ಪರ್ಸೆಂಟ್ ಅಷ್ಟೇ.

ಈ ಕೋನ ಬದಲಾಗಬಾರದು ಅಂದರೆ ಬೇರೆ ಏನಾದರೂ ಬದಲಾಗಲೇಬೇಕು. ಡಬ್ಲ್ಯೂ ಮೈನಸ್ 1ಕ್ಕಿಂತ ಮೇಲಿದ್ದರೆ ಹಿಂದಿನ ಕಾಲದಲ್ಲಿ ಡಾರ್ಕ್ ಎನರ್ಜಿ ಜಾಸ್ತಿ ಇತ್ತು ಅಂತ ಅರ್ಥ. ಆಗ ವಿಶ್ವ ಜೋರಾಗಿ ಹಿಗ್ಗಿರುತ್ತದೆ, ಸಿಎಂಬಿ ತನಕದ ದೂರ ಕಡಿಮೆ ಆಗುತ್ತದೆ. ಅದನ್ನು ಸರಿದೂಗಿಸಲು ಇವತ್ತಿನ ಹಬಲ್ ದರ ಇಳಿಯಬೇಕು. ನನ್ನ ಫೈಲಿನಲ್ಲಿ ಅದು ಇಳಿದಿತ್ತು. ಅವಳ ಫೈಲಿನಲ್ಲಿ ಇಳಿಯಲು ಜಾಗವೇ ಇರಲಿಲ್ಲ. ಇಬ್ಬರ ಲೆಕ್ಕವೂ ಸರಿ. ಕೇಳಿದ ಪ್ರಶ್ನೆ ಬೇರೆ.

ಸರ್‌ಗೆ ಫೋನ್ ಮಾಡಿದೆವು. ಅವರು ನಗುತ್ತಾರೆ ಅಂದುಕೊಂಡರೆ ಇನ್ನೊಂದು ಅನುಮಾನ ತೆಗೆದರು. "ಸಿಗ್ಮಾ 8 ಹಾಕಿದ್ದೀರಲ್ಲ, ಅದರ ಅಳತೆಗೋಲಿನ ಕಥೆ ಏನು?" ಈ ಸಿಗ್ಮಾ 8 ಮೊದಲು ಹೇಳಿದ ಸಿಗ್ಮಾ ಅಲ್ಲ. ಗೆಲಾಕ್ಸಿಗಳು ಎಷ್ಟು ಗುಂಪುಗೂಡಿವೆ ಅನ್ನುವುದನ್ನು ನಾವು 8 ಮೆಗಾಪಾರ್ಸೆಕ್ ಭಾಗಿಸು ಎಚ್ ಅಳತೆಯ ಗೋಳದಲ್ಲಿ ನೋಡುತ್ತೇವೆ. ನನ್ನ ಲೆಕ್ಕದಲ್ಲಿ ಎಚ್ ಇಳಿದರೆ ಆ ಗೋಳವೇ ದೊಡ್ಡದಾಗುತ್ತದೆ. ಮೊಳ ಹಾಕುವ ಕೈಯೇ ಉದ್ದ ಆದಂತೆ. ಹಾಗಾದರೆ ನಾವು ಕಂಡ ಇಳಿಕೆಯಲ್ಲಿ ಫೀಲ್ಡಿನ ಪಾಲೆಷ್ಟು, ಅಳತೆಗೋಲಿನ ಪಾಲೆಷ್ಟು? ಎಚ್ ತೆಗೆದುಹಾಕಿ ನೇರವಾಗಿ 12 ಮೆಗಾಪಾರ್ಸೆಕ್ ಇಟ್ಟುಕೊಳ್ಳಿ, ಸಿಗ್ಮಾ 12 ಬಳಸಿ ಅನ್ನುವ ಸಲಹೆ 2020ರಲ್ಲೇ ಬಂದಿದೆ. ಬಳಸುವವರು ಕಡಿಮೆ. ನಮ್ಮ ಪೇಪರಿನ ನಾಲ್ಕನೇ ಭಾಗ ಪೂರ್ತಿ ಈಗ ಇದೇ. ಹೊರಡುವಾಗ ಆ ಭಾಗ ಯಾರ ತಲೆಯಲ್ಲೂ ಇರಲಿಲ್ಲ.

ಇದರ ಇನ್ನೊಂದು ಪರಿಣಾಮ ನನಗೆ ಬೇಜಾರು. ಸೂಪರ್‌ನೋವಾ ಮತ್ತು ಸೆಫೀಡ್ ನಕ್ಷತ್ರಗಳಿಂದ ಅಳೆದವರಿಗೆ ಹಬಲ್ ದರ 73ರ ಹತ್ತಿರ ಸಿಗುತ್ತಿದೆ. ಪ್ಲಾಂಕಿನ 67.4ಕ್ಕೂ ಅದಕ್ಕೂ ಹೊಂದಿಕೆ ಇಲ್ಲ, ಸುಮಾರು 5 ಸಿಗ್ಮಾ ಜಗಳ. ನಮ್ಮ ಮುದ್ದಿನ ಸಾದಾ ಫೀಲ್ಡ್ ಆ ದರವನ್ನು ಇನ್ನೂ ಕೆಳಗೆ ಎಳೆಯುತ್ತದೆ. ಜಗಳ ಬಿಡಿಸಲು ಹೋದವರು ಸೀಮೆಎಣ್ಣೆ ಸುರಿದು ಬಂದೆವು. ಇದನ್ನು ಮೊದಲೇ ಬೇರೆಯವರು ಹೇಳಿದ್ದಾರೆ, ನಮ್ಮ ಹೆಚ್ಚುಗಾರಿಕೆ ಏನಿಲ್ಲ.

ಪೇಪರ್ ಮುಗಿದ ಮೇಲೆ ಹೆಸರಿನ ಸಾಲು. ನಮ್ಮ ಕಡೆಯ ಥಿಯರಿಯವರಲ್ಲಿ ಬಹಳಷ್ಟು ಜನ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಹೆಸರು ಹಾಕುತ್ತಾರೆ. ಯಾರು ಎಷ್ಟು ಮಾಡಿದರು ಅಂತ ತೂಗುವುದು ಬೇಡ ಅಂತ. 1948ರಲ್ಲಿ ಭೌತವಿಜ್ಞಾನಿ ಜಾರ್ಜ್ ಗ್ಯಾಮೋ ಇದರಲ್ಲೇ ತಮಾಷೆ ಮಾಡಿದ್ದ. ತಾನು ಮತ್ತು ತನ್ನ ವಿದ್ಯಾರ್ಥಿ ಆಲ್ಫರ್ ಬರೆದ ಪೇಪರಿಗೆ, ಏನೂ ಕೆಲಸ ಮಾಡದ ಬೇಥೆಯ ಹೆಸರು ಸೇರಿಸಿದ. ಆಲ್ಫಾ, ಬೀಟಾ, ಗಾಮಾ ಆಗಲಿ ಅಂತ. ಅದು ಏಪ್ರಿಲ್ 1ರ ಸಂಚಿಕೆಯಲ್ಲಿ ಬಂತು. ಎಲ್ಲರೂ ನಕ್ಕರು. ಲೆಕ್ಕ ಮಾಡಿದ್ದ ಆಲ್ಫರ್‌ಗೆ ನಗು ಬರಲಿಲ್ಲ. ಎರಡು ದೊಡ್ಡ ಹೆಸರುಗಳ ನಡುವೆ ಹುಡುಗನನ್ನು ಯಾರು ನೆನಪಿಡುತ್ತಾರೆ?

ನನ್ನ ಹೆಸರು ವಿ ಅಕ್ಷರದ್ದು. ಎಲ್ಲ ಪೇಪರಿನಲ್ಲೂ ನಾನೇ ಕೊನೆ. ಬಡ್ತಿಯ ಪಾಯಿಂಟ್ ಲೆಕ್ಕದಲ್ಲಿ, ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲನೆಯವರಿಗೋ ಕರೆಸ್ಪಾಂಡಿಂಗ್ ಲೇಖಕರಿಗೋ 70 ಪರ್ಸೆಂಟ್, ಉಳಿದವರಿಗೆ ತಲಾ 30. ಒಂದು ಸಂದರ್ಶನದಲ್ಲಿ "ನೀವು ಯಾವತ್ತೂ ಕೊನೆಯಲ್ಲೇ ಇದ್ದೀರಲ್ಲ, ನಿಮ್ಮ ಕೆಲಸ ಏನು?" ಅಂತ ಕೇಳಿದರು. ಅಕ್ಷರಮಾಲೆ ಅಂದೆ. ನಂಬಲಿಲ್ಲ. ಆಮೇಲಿಂದ ನಮ್ಮಲ್ಲಿ ಕರೆಸ್ಪಾಂಡಿಂಗ್ ಜಾಗವನ್ನು ಸರದಿಯಂತೆ ಹಂಚಿಕೊಳ್ಳುತ್ತೇವೆ. ಸರ್ ತಮ್ಮ ಸರದಿಯನ್ನು ಪೂರ್ತಿ ಬಿಟ್ಟುಕೊಟ್ಟಿದ್ದಾರೆ. ಮೈಸೂರಿನ ಹುಡುಗನ ಹೆಸರು ಎ ಅಕ್ಷರದ್ದು. ಈ ಪೇಪರಿನಲ್ಲಿ ಮೊದಲ ಜಾಗ ಅವನಿಗೆ ತಾನಾಗೇ ಸಿಕ್ಕಿತು. ನ್ಯಾಯವಾಗಿಯೂ ಅವನದೇ. ಆದರೆ ಸಿಕ್ಕಿದ್ದು ನ್ಯಾಯದಿಂದಲ್ಲ, ಹೆಸರಿಟ್ಟ ಅವನಜ್ಜಿಯ ಪುಣ್ಯದಿಂದ.

ಪೇಪರುಗಳನ್ನು ಎಲ್ಲರೂ ಓದಲು ಹಾಕುವ ಜಾಲತಾಣ ಆರ್ಕೈವ್‌ಗೆ ಹಾಕುವುದರಲ್ಲೂ ಒಂದು ಮೋಜಿದೆ. ದಿನದ ಗಡುವು ಅಮೆರಿಕದ ಪೂರ್ವ ತೀರದ ಮಧ್ಯಾಹ್ನ ಎರಡು ಗಂಟೆ. ಬೇಸಿಗೆಯಲ್ಲಿ ನಮಗದು ರಾತ್ರಿ ಹನ್ನೊಂದೂವರೆ. ಗಡುವು ಮುಗಿದ ತಕ್ಷಣ ಹಾಕಿದರೆ ಮುಂದಿನ ಪಟ್ಟಿಯಲ್ಲಿ ಮೇಲೆ ಬರಬಹುದು. ಮೇಲಿದ್ದದ್ದನ್ನು ಜಾಸ್ತಿ ಜನ ಓದುತ್ತಾರೆ. ಇಡೀ ಜಗತ್ತಿನ ಕಾಸ್ಮಾಲಜಿಸ್ಟರು ಆ ಒಂದು ನಿಮಿಷಕ್ಕೆ ಬೆರಳು ಇಟ್ಟುಕೊಂಡು ಕೂತಿರುತ್ತಾರೆ. ನಮಗೆ ಆ ಹೊತ್ತಿಗೆ ಕರೆಂಟ್ ಹೋಯಿತು. ಪುಣೆಯಿಂದ ಸರ್ ಒತ್ತಿದರು. ಬೆಳಿಗ್ಗೆ ಐದೂವರೆಗೆ ಹೊಸ ಪಟ್ಟಿ ಬರುವಷ್ಟರಲ್ಲಿ ಅಮ್ಮ ಹಾಲು ತಂದು ಆಗಿತ್ತು. ಪಟ್ಟಿಯ ಮಧ್ಯದಲ್ಲೆಲ್ಲೋ ಇದ್ದೆವು.

ಒಬ್ಬರೇ ಮಾಡಬಹುದು ಅನ್ನುವುದಕ್ಕೆ ಜನ ಯಾವಾಗಲೂ ಅಮಲ್ ಕುಮಾರ್ ರಾಯ್‌ಚೌಧುರಿ ಅವರನ್ನು ತೋರಿಸುತ್ತಾರೆ. ನಿಜ, ಕೋಲ್ಕತ್ತದಲ್ಲಿ ಕೂತು 1955ರಲ್ಲಿ ಒಬ್ಬರೇ ಬರೆದ ಸಮೀಕರಣಕ್ಕೆ ಇವತ್ತು ಅವರ ಹೆಸರಿದೆ. ಪೆನ್‌ರೋಸ್ ಮತ್ತು ಹಾಕಿಂಗ್ 1960ರ ದಶಕದಲ್ಲಿ ಸಿಂಗ್ಯುಲಾರಿಟಿ (ಗುರುತ್ವದ ಲೆಕ್ಕ ಕುಸಿದುಬೀಳುವ ಜಾಗ) ಥಿಯರಮ್‌ಗಳನ್ನು ಕಟ್ಟಿದಾಗ ಅದರ ಬೆಲೆ ಎಲ್ಲರಿಗೂ ಗೊತ್ತಾಯಿತು. ಅಂದರೆ ಹತ್ತು ವರ್ಷ ಹೆಚ್ಚುಕಡಿಮೆ. ಆ ಹತ್ತು ವರ್ಷದಲ್ಲಿ ಪಕ್ಕದ ಕೋಣೆಯಲ್ಲಿ ಒಬ್ಬ ತಲೆಹರಟೆ ಗೆಳೆಯ ಇದ್ದಿದ್ದರೆ? ನನಗೆ ಆ ಕಥೆ ಕೇಳಿದಾಗ ಹೆಮ್ಮೆಗಿಂತ ಸಂಕಟವೇ ಜಾಸ್ತಿ ಆಗುತ್ತದೆ.

ಮೈಸೂರಿನಲ್ಲೋ ಮಂಡ್ಯದಲ್ಲೋ ಎಂಎಸ್ಸಿ ಮಾಡುತ್ತಿರುವವರು ಈ ಬ್ಲಾಗ್ ಓದಿ ಎಲ್ಲಿಂದ ಶುರು ಮಾಡಲಿ ಅಂತ ಕೇಳುತ್ತಿರುತ್ತೀರಿ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಗೆಳೆಯನನ್ನೋ ಗೆಳತಿಯನ್ನೋ ಹಿಡಿದುಕೊಳ್ಳಿ. ಇಬ್ಬರೂ ಬೇರೆ ಬೇರೆಯಾಗಿ ವಿಶ್ವದ ವಯಸ್ಸು ಲೆಕ್ಕ ಹಾಕಿ. ಹಬಲ್ ದರ 67.4, ಒಮೆಗಾ ಮ್ಯಾಟರ್ (ವಿಶ್ವದ ಒಟ್ಟು ಸಾಂದ್ರತೆಯಲ್ಲಿ ದ್ರವ್ಯದ ಪಾಲು) 0.315 ಇಟ್ಟರೆ 1,380 ಕೋಟಿ ವರ್ಷ ಬರಬೇಕು. ಅಲ್ಲಿ ತನಕ ಒಬ್ಬರ ಕೋಡ್ ಇನ್ನೊಬ್ಬರಿಗೆ ತೋರಿಸಬೇಡಿ. ಆಮೇಲೆ 67.4 ತೆಗೆದು 73 ಹಾಕಿ. ಒಮೆಗಾ ಮ್ಯಾಟರ್ ಹಾಗೇ ಬಿಟ್ಟರೆ ವಯಸ್ಸು 1,270 ಕೋಟಿಯ ಹತ್ತಿರಕ್ಕೆ ಇಳಿಯುತ್ತದೆ. ಹಾಗೇ ಬಿಡಬೇಕಾ, ಅಥವಾ ಒಮೆಗಾ ಮ್ಯಾಟರ್ ಮತ್ತು ಎಚ್ ಸ್ಕ್ವೇರ್ ಗುಣಲಬ್ಧವನ್ನು ಕಟ್ಟಿಹಾಕಬೇಕಾ? ಅದನ್ನು ನಾನು ಹೇಳುವುದಿಲ್ಲ. ನೀವಿಬ್ಬರೇ ಜಗಳ ಆಡಿಕೊಳ್ಳಿ.